ಅರಿಶಿನದ ಕೆಳಗಿನ ಕಪ್ಪೆ

ಅವರ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ಬೆರಳು ಇರಬೇಕಾದ ಕಡೆ, ಬೇಯಿಸಿ ಸಿಪ್ಪೆ ಸುಲಿದ ಹಲಸಿನ ಬೀಜದಂಥ ನುಣ್ಣನೆಯ ಒಂದು ಗಂಟು. ಚಿಕ್ಕವರಿದ್ದಾಗ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಕೈ ಕೊಟ್ಟು ಕಳೆದುಕೊಂಡದ್ದಂತೆ. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರೆ ಆ ಗಂಟನ್ನು ಹಲಗೆಗೆ ಊರಿ, ಅದರ ಸುತ್ತ ಕೈ ತಿರುಗಿಸಿ ಒಂದೇ ಎಳೆತಕ್ಕೆ ದುಂಡಗೆ ಗೆರೆ ಹಾಕುತ್ತಿದ್ದರು. ನಾವು ಆಮೇಲೆ ಕೈವಾರ ಇಟ್ಟು ನೋಡುತ್ತಿದ್ದೆವು. ತಪ್ಪು ಸಿಗುತ್ತಿರಲಿಲ್ಲ.

ಸಂಪಾಜೆ ಕಡೆಯ ಶಾಲೆಯಲ್ಲಿ ಅವರು ನಮ್ಮ ಡ್ರಾಯಿಂಗ್ ಮಾಷ್ಟ್ರು. ನನ್ನ ಅಪ್ಪ ಫಾರೆಸ್ಟ್ ಗಾರ್ಡ್. ಕುಶಾಲನಗರದಿಂದ ಸಂಪಾಜೆಯ ಫಾರೆಸ್ಟ್ ಗೇಟಿಗೆ ವರ್ಗವಾದಾಗ ಅಮ್ಮ, ಅಜ್ಜಿ, ನಾನು ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಘಟ್ಟದ ಆ ಬದಿಗೆ ಹೋದೆವು. ಅಲ್ಲಿಯ ಮಕ್ಕಳೆಲ್ಲ ಆಡುವುದು ಅರೆಭಾಷೆ. ನನ್ನದು ಅಜ್ಜಿ ಕಲಿಸಿದ ಬಯಲುಸೀಮೆಯ ಅಂಚಿನ ಕನ್ನಡ. ಬಾಯಿ ತೆಗೆದರೆ ನಗುತ್ತಿದ್ದರು. ಮಾಷ್ಟ್ರು ಮಾತ್ರ ನಗಲಿಲ್ಲ. ಹುಡುಗಿಗೆ ಅವರ ಕಡೆ ಗೂಡೆ ಎನ್ನುತ್ತಾರೆ. ಮೊದಲ ದಿನವೇ ನನ್ನನ್ನು ಗೂಡೆ ಎಂದು ಕರೆದರು, ನನಗೆ ಮೊಮ್ಮಗಳು ಹುಟ್ಟಿದ ಮೇಲೂ ಹಾಗೆಯೇ ಕರೆದರು.

ಹೊಸ ತರಗತಿಗೆ ಬಂದರೆ ಅವರ ಮೊದಲ ಪಾಠ ಒಂದೇ. ಮಕ್ಕಳು ಕದ್ದು ಕದ್ದು ಕೈ ನೋಡುವ ಮೊದಲೇ ತಾವಾಗಿ ಕೈ ಎತ್ತಿ ತೋರಿಸುವುದು. ತಾನು ಓದುವಾಗ ಜೊತೆಯವನೊಬ್ಬ ತನಗೆ ಕಪ್ಪೆ ಎಂದು ಹೆಸರಿಟ್ಟಿದ್ದ, ಯಾಕೆ ಹೇಳಿ ಎಂದು ಕೇಳುವುದು. ನಮಗೆ ಗೊತ್ತಿರಲಿಲ್ಲ. ಕಪ್ಪೆಯ ಮುಂಗಾಲಿಗೆ ಎಷ್ಟು ಬೆರಳು ಎಂದು ಕೇಳಿದರು. ಇಡೀ ಕ್ಲಾಸು ಐದು ಎಂದಿತು. ಪುಸ್ತಕ ಮುಚ್ಚಿಸಿ ನಮ್ಮನ್ನು ಶಾಲೆಯ ಹಿಂದಿನ ಹೊಂಡಕ್ಕೆ ಅಟ್ಟಿದರು. ಹಿಡಿಯಬೇಡಿ, ನೋಡಿ, ಅಷ್ಟೇ ಅಪ್ಪಣೆ. ಕಪ್ಪೆ ಏನು ಕೂತು ಬೆರಳು ತೋರಿಸುತ್ತದೆಯೇ? ಬೆಲ್ಲು ಹೊಡೆಯುವವರೆಗೆ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತೆವು. ಮುಂದೆ ನಾಲ್ಕು, ಹಿಂದೆ ಐದು. ಲಂಗವೆಲ್ಲ ಕೆಸರು ಮಾಡಿಕೊಂಡು ಬಂದು ಹೇಳಿದಾಗ ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ:

"ನನ್ನನ್ನು ಕಪ್ಪೆ ಅಂದವ ಕೇಳಿ ಬೈದದ್ದಲ್ಲ, ನೋಡಿ ಬೈದದ್ದು. ಹಾಗಾಗಿ ನನಗೆ ಅವನ ಮೇಲೆ ಸಿಟ್ಟಿಲ್ಲ."

ಆ ಹೆಸರೇ ಅವರನ್ನು ಜೀವನಪೂರ್ತಿ ಹಿಡಿದುಕೊಂಡಿತು. ಹಳೆಯ ಕಾಲದವರು ಕಪ್ಪೆಯನ್ನು ಎಲ್ಲೆಲ್ಲಿ ಹೇಗೆ ಬರೆದಿದ್ದಾರೆ, ಕೆತ್ತಿದ್ದಾರೆ ಎಂದು ಹುಡುಕಿ ಹುಡುಕಿ ನಕಲು ಮಾಡುವುದು ಅವರ ಹುಚ್ಚು. ಬಿಳಿಯರು ಬಿಟ್ಟುಹೋದ ಎಸ್ಟೇಟ್ ಬಂಗಲೆಗಳಲ್ಲಿ ಪ್ರಾಣಿಗಳ ಚಿತ್ರವಿರುವ ದಪ್ಪ ದಪ್ಪ ಪುಸ್ತಕಗಳು ಇರುತ್ತಿದ್ದವಲ್ಲ, ಬೆಳ್ಳಿಹುಳ ತಿಂದು ಜರಡಿಯಾದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಪರಿಚಯ ಮಾಡಿಕೊಂಡು, ಅವರಿಂದ ಯಜಮಾನರಿಗೆ ಒಂದು ಮಾತು ಹೇಳಿಸಿ, ಭಾನುವಾರ ವೆರಾಂಡದಲ್ಲಿ ಕೂರುವ ಅನುಮತಿ ಪಡೆಯುತ್ತಿದ್ದರು. ಬಗಲಲ್ಲಿ ಬಟ್ಟೆಯ ಚೀಲ, ಅದರಲ್ಲಿ ಪೆನ್ಸಿಲು, ಬಟರ್ ಪೇಪರು, ಬುತ್ತಿ. ನಾಲ್ಕು ಬೆರಳಿನ ಕೈ ಹಾಳೆಯ ಮೇಲೆ ಓಡುತ್ತಿದ್ದರೆ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಬಂದ ಹೆಂಗಸರೂ ನಿಂತು ನೋಡಿ ಹೋಗುತ್ತಿದ್ದರಂತೆ.

ಪ್ರತಿ ಚಿತ್ರಕ್ಕೂ ಅವರದು ಒಂದೇ ಪ್ರಶ್ನೆ: "ನೋಡಿ ಬರೆದದ್ದಾ, ಕೇಳಿ ಬರೆದದ್ದಾ?" ಹಳೆಯ ಪುಸ್ತಕಗಳ ಚಂದದ ಬಣ್ಣದ ಕಪ್ಪೆಗಳಲ್ಲಿ ಎಷ್ಟೋ ಅವರ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದವು. ಹೊಟ್ಟೆ ಉಬ್ಬಿ, ಕಾಲು ಜೋಲು ಬಿದ್ದು, ಬಣ್ಣ ಇಳಿದಿದ್ದರೆ, "ಇದು ಶೀಶೆಯ ಕಪ್ಪೆ" ಎನ್ನುತ್ತಿದ್ದರು. ಯಾರೋ ಹಡಗಿನಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿ ಕಳಿಸಿದ್ದನ್ನು ಇನ್ಯಾರೋ ಲಂಡನ್ನಿನಲ್ಲಿ ಕೂತು ಬರೆದದ್ದು. ಇನ್ನು ಕೆಲವು, ಆ ಪುಸ್ತಕ ನೋಡಿ ಈ ಪುಸ್ತಕಕ್ಕೆ, ಈ ಪುಸ್ತಕ ನೋಡಿ ಇನ್ನೊಂದಕ್ಕೆ ಇಳಿಸಿದವು. ಅಚ್ಚಿನಲ್ಲಿ ಎಡ ಬಲ ತಿರುಗಿ, ಒಂದು ಪುಸ್ತಕದಲ್ಲಿ ಆಚೆ ನೋಡುವ ಕಪ್ಪೆ ಮುಂದಿನದರಲ್ಲಿ ಈಚೆ ನೋಡುತ್ತದೆ, ತಪ್ಪು ಮಾತ್ರ ಹಾಗೆಯೇ ಇರುತ್ತದೆ. ಅಂಥ ಎರಡು ಚಿತ್ರವನ್ನು ಬೆನ್ನಿಗೆ ಬೆನ್ನು ಇಟ್ಟು ಬೆಳಕಿಗೆ ಹಿಡಿದು ತೋರಿಸಿದರೆ ಗೆರೆಗೆ ಗೆರೆ ಕೂತುಬಿಡುತ್ತಿತ್ತು. ಕಳ್ಳನನ್ನು ಹಿಡಿದ ಪೊಲೀಸಿನ ಸಂತೋಷ ಅವರ ಮುಖದಲ್ಲಿ.

ಮೆಚ್ಚಿಕೊಂಡರೆ ಬಾಯ್ತುಂಬ ಮೆಚ್ಚುತ್ತಿದ್ದರು. ಈಜಿಪ್ಟಿನ ಹಳೆಯ ಕಾಲದವರಿಗೆ ಲಕ್ಷ ಎಂದು ಬರೆಯಬೇಕಾದರೆ ಒಂದು ಗೊದಮೊಟ್ಟೆಯ ಚಿತ್ರ ಬರೆದರೆ ಸಾಕಿತ್ತಂತೆ. ಇದನ್ನು ಹೇಳುವಾಗ ಅವರಿಗೆ ಮೈಯೆಲ್ಲ ಪುಳಕ. ನೀರಿಳಿದ ಮೇಲೆ ಹೊಂಡದ ಅಂಚಿನಲ್ಲಿ ಕಪ್ಪಗೆ ಮಿಜಿಗುಟ್ಟುವ ಮರಿಗಳನ್ನು ಕಂಡವನನ್ನು ಬಿಟ್ಟು ಬೇರೆ ಯಾರಿಗೆ ಆ ಲೆಕ್ಕ ಹೊಳೆಯುತ್ತದೆ ಎನ್ನುವರು. ಮುನ್ನೂರು ವರ್ಷದ ಹಿಂದೆ ಹೆಂಗಸೊಬ್ಬಳು ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋಗಿ, ಬೆನ್ನಿನ ಚರ್ಮದಿಂದಲೇ ಮರಿಗಳು ಹೊರಬರುವ ಕಪ್ಪೆಯನ್ನು ಬರೆದದ್ದುಂಟು. ಆ ನಕಲನ್ನು ನನ್ನ ಕೈಯಲ್ಲಿಟ್ಟು, "ನೋಡು ಗೂಡೆ, ಇವಳು ಜ್ವರದಲ್ಲಿ ಬಿದ್ದೆದ್ದು ನೋಡಿ ಬರೆದದ್ದು. ನಿನಗೆ ಹೊಂಡಕ್ಕೆ ಹೋಗಲು ಲಂಗ ಅಡ್ಡಿ" ಎಂದು ಚುಚ್ಚಿದ್ದರು.

ನಕಲುಗಳೆಲ್ಲ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಹುಳ ಬೀಳದ ಹಾಗೆ ಅವರ ಮನೆಯವರು ನಡುನಡುವೆ ಕರಿಮೆಣಸಿನ ಪೊಟ್ಟಣ ಇಡುತ್ತಿದ್ದರು. ಆ ತಾಯಿಗೆ ಇದೆಲ್ಲ ನಗೆಯ ವಸ್ತು. ನಾನು ಹೋದಾಗ ಕಾಫಿ ಕೊಡುತ್ತ, "ಅವ್ಕೆ ಕಪ್ಪೆ ಉಟ್ಟಲ್ಲ, ನಾ ಎಂತಕೆ" ಎಂದು, ಅವರಿಗೆ ಕಪ್ಪೆ ಇರುವಾಗ ನಾನೇಕೆ ಎಂದು, ನಗುವರು. ಆದರೆ ಮೆಣಸಿನ ಪೊಟ್ಟಣ ಬದಲಿಸುವುದನ್ನು ಒಂದು ವರ್ಷವೂ ಮರೆತವರಲ್ಲ.

ಅಪ್ಪನಿಗೆ ಮತ್ತೆ ವರ್ಗವಾಯಿತು. ನಾನು ಓದಿ, ಮದುವೆಯಾಗಿ, ಕುಶಾಲನಗರದಲ್ಲಿ ನಮ್ಮ ಮನೆಯವರ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಲು ಕೂತೆ. ಮೊದಲು ಸೀಸದ ಮೊಳೆ, ಆಮೇಲೆ ಕಂಪ್ಯೂಟರು. ಮದುವೆ ಕಾಗದ, ಉತ್ಸವದ ಕರಪತ್ರ, ತಿಥಿ ಕಾರ್ಡು. ರಿಟೈರಾಗಿ ಬಹಳ ವರ್ಷದ ಮೇಲೆ ಮಾಷ್ಟ್ರು ಒಂದು ದಿನ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದರು. ಚೀಲ ಅದೇ. ಒಳಗಿಂದ ಒಂದು ದೊಡ್ಡ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಹನ್ನೆರಡು ಕಪ್ಪೆಗಳು. ಊರೂರಿನ, ಕಾಲಕಾಲದ ಕಪ್ಪೆಗಳು. ಪ್ರತಿಯೊಂದರ ಕೆಳಗೆ ಎರಡು ಸಾಲು: ಎಲ್ಲಿಯದು, ಬರೆದವನು ನೋಡಿದ್ದನೇ ಇಲ್ಲವೇ. ಶಾಲೆಗಳ ಗೋಡೆಗೆ ಹಾಕಲು ಚಾರ್ಟ್ ಮಾಡಿಕೊಡಬೇಕು ಎಂದರು.

ನಟ್ಟ ನಡುವೆ ಶಿರಂಗಾಲದ ಕಪ್ಪೆ. ಹೊಳೆಯ ದಡದಲ್ಲಿ ಅರಳಿಮರದ ಕೆಳಗೆ ಸಾಲು ನಾಗರಕಲ್ಲುಗಳಿವೆ. ಅವುಗಳಲ್ಲಿ ಒಂದರಲ್ಲಿ ನಾಗರ ಹೆಡೆ ಬಿಚ್ಚಿದೆ, ಹೆಡೆಯ ನೆರಳಿನಲ್ಲಿ ಅಂಗೈಯಷ್ಟು ದೊಡ್ಡ ಒಂದು ಕಪ್ಪೆ ಕೂತಿದೆ. ಶೃಂಗೇರಿಯಲ್ಲಿ ಬಿಸಿಲಿಗೆ ಬೆಂದ ಬಸುರಿ ಕಪ್ಪೆಗೆ ಹಾವು ನೆರಳು ಕೊಟ್ಟ ಕಥೆ ಯಾರಿಗೆ ಗೊತ್ತಿಲ್ಲ? ಅದನ್ನೇ ಯಾವನೋ ಹೆಸರಿಲ್ಲದ ಶಿಲ್ಪಿ ಇಲ್ಲಿ ಕೆತ್ತಿದ್ದ. ಆದರೆ ಮಾಷ್ಟ್ರ ನಕಲಿನಲ್ಲಿ ಆ ಕಪ್ಪೆಯ ಮುಂಗಾಲಿಗೆ ಐದು ಬೆರಳು. ಬೆರಳಿನ ಕಡೆಗೆ ಒಂದು ಬಾಣದ ಗುರುತು. ಕೆಳಗೆ: 'ಈ ಶಿಲ್ಪಿ ಕಪ್ಪೆಯನ್ನು ನೋಡಿದವನಲ್ಲ. ಕೇಳಿ ಕೆತ್ತಿದವನು.'

ತಮ್ಮ ಕೈಯಿಂದ ಕಿತ್ತ ಬೆರಳನ್ನು ದೇವರು ಆ ಕಪ್ಪೆಗೆ ಅಂಟಿಸಿದ್ದಾನೆ ಎಂದು ತಾವೇ ನಕ್ಕರು. ನಾನೂ ನಕ್ಕೆ. ಶಿರಂಗಾಲ ನಮಗೆ ದೂರದ ಊರೇನಲ್ಲ, ಹತ್ತು ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಇಳಿದು ನೋಡಿಬರೋಣ ಎಂದು ಅನ್ನಿಸಲೇ ಇಲ್ಲ. ಮಾಷ್ಟ್ರು ಬರೆದ ಮೇಲೆ ಮುಗಿಯಿತಲ್ಲ. ಆ ಎರಡು ಸಾಲನ್ನು ಉಳಿದವಕ್ಕಿಂತ ಕಪ್ಪಗೆ, ದಪ್ಪಕ್ಷರದಲ್ಲಿ ಜೋಡಿಸಿದೆ.

ಹತ್ತೊಂಬತ್ತು ಶಾಲೆಗಳಿಗೆ ಅವರೇ ಸುತ್ತಿಕೊಂಡು ಹೋಗಿ ಕೊಟ್ಟು ಬಂದರು. ಉಳಿದ ಒಂದನ್ನು ನಾನು ಪ್ರೆಸ್ಸಿನ ಗೋಡೆಗೆ ಅಂಟಿಸಿಕೊಂಡೆ.

ಎರಡು ಮೂರು ವರ್ಷ ಕಳೆದಿರಬೇಕು. ಶಿರಂಗಾಲದ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಮದುವೆ ಕಾಗದ ಮಾಡಿಸಲು ಬಂದರು. ಮಗ ಹೆಸರುಗಳನ್ನು ಬರೆಸುತ್ತಿದ್ದ, ಅಜ್ಜಿ ಗೋಡೆ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಚಾರ್ಟಿನ ಹತ್ತಿರ ಹೋಗಿ, ಇದು ನಮ್ಮ ಕಲ್ಲಲ್ಲವಾ ಎಂದರು. ಹೌದು ಎಂದೆ. ಬಾಣ ಏನು ಹೇಳುತ್ತದೆ ಎಂದು ಓದಿಸಿ ಕೇಳಿಕೊಂಡರು.

"ಅದ್ಯಾರು ಬರ್ದಿರೋದು? ಅದಕ್ಕೆ ನಾಕೇ ಕಣಮ್ಮ ಬೆರಳು. ವರ್ಷ ವರ್ಷ ಉಜ್ಜಿ ತೊಳೆಯೋಳು ನಾನು, ನನಗೆ ತಿಳೀದಾ?"

ಆಮೇಲೆ ವಿವರಿಸಿದರು. ಆ ಕಲ್ಲುಗಳಿಗೆ ಊರವರು ವರ್ಷವಿಡೀ ಎಣ್ಣೆ, ಹಾಲು, ಅರಿಶಿನ ಹಚ್ಚುತ್ತಾರೆ. ಹಚ್ಚುವುದು ಮಾತ್ರ, ಕೆರೆಯುವಂತಿಲ್ಲ, ತೊಳೆಯುವಂತಿಲ್ಲ. ನಾಗರಪಂಚಮಿಯ ಹಿಂದಿನ ದಿನ ಒಂದು ದಿನ ಮಾತ್ರ ಅಜ್ಜಿಯ ಮನೆಯವರು ಸೀಗೆಪುಡಿ, ತೆಂಗಿನ ನಾರು ಹಿಡಿದು ಉಜ್ಜಿ ತೊಳೆಯುತ್ತಾರೆ. ಅವತ್ತು ಯಾರು ಬೇಕಾದರೂ ಮುಟ್ಟಬಹುದು. ಮಾರನೆಯ ಬೆಳಗ್ಗೆಯಿಂದ ಮತ್ತೆ ಅರಿಶಿನ. ತಿಂಗಳು ಕಳೆದ ಹಾಗೆ ಅದು ಹೆಪ್ಪುಗಟ್ಟಿ, ಸಂದಿಯಲ್ಲಿ ಇಳಿದು, ಎಲ್ಲೆಲ್ಲೋ ಏಣು ಎದ್ದುಕೊಳ್ಳುತ್ತದೆ. ಮಾಷ್ಟ್ರು ಹೋಗಿದ್ದು ಜನವರಿಯಲ್ಲಿ ಎಂದು ನನಗೆ ಗೊತ್ತಿತ್ತು. ಮುಟ್ಟಬಾರದು ಎಂದಿದ್ದಕ್ಕೆ ಗೌರವದಿಂದ ಒಂದು ಮಾರು ದೂರ ಕೂತು ಬರೆದಿದ್ದರು. ಐದನೆಯ ಬೆರಳು ಅರಿಶಿನದ್ದು.

ಇದನ್ನು ಮಾಷ್ಟ್ರಿಗೆ ಹೇಳಲು ನಾನು ಹೋಗಲಿಲ್ಲ. ಆ ಹೊತ್ತಿಗಾಗಲೇ ಅವರ ಒಂದು ಕಣ್ಣು ಪೂರಾ ಹೋಗಿತ್ತು. ಇನ್ನೊಂದೂ ಹೋಗುತ್ತದೆ, ಸ್ವಲ್ಪ ತಡ ಮಾಡಬಹುದು ಅಷ್ಟೇ, ಹೋದದ್ದು ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಇಂಥ ಹೊತ್ತಿನಲ್ಲಿ ಹೋಗಿ, ಮಾಷ್ಟ್ರೆ, ನಿಮ್ಮ ಕಣ್ಣು ಅವತ್ತೇ ತಪ್ಪಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. ಫೆಬ್ರವರಿಯಲ್ಲಿ ಕೇಳಿದ್ದನ್ನು ಜುಲೈವರೆಗೆ ಒಳಗೇ ಇಟ್ಟುಕೊಂಡೆ. ಕೊನೆಗೆ ಪಂಚಮಿ ಹತ್ತಿರ ಬಂದಾಗ, ಈ ವರ್ಷ ತಪ್ಪಿದರೆ ಮುಂದಿನ ವರ್ಷ ಅವರಿಗೆ ಕಣ್ಣೇ ಇರುವುದಿಲ್ಲ ಎನ್ನಿಸಿ, ಸಂಪಾಜೆಗೆ ಹೋಗಿ ಹೇಳಿದೆ.

ಜಗಲಿಯಲ್ಲಿ ಕೂತಿದ್ದರು. ಕಾಫಿ ಕುಡಿಯುತ್ತಲೇ ಪೂರಾ ಕೇಳಿಸಿಕೊಂಡರು. ಬೇಜಾರಾಯಿತೇ ಎಂದು ಕೇಳಿದೆ. ಪಂಚಮಿ ಯಾವ ವಾರ ಎಂದರು, ಅಷ್ಟೇ. ಆಮೇಲೆ ಕಾಫಿ ಲೋಟ ಕೆಳಗಿಡುತ್ತ, "ಫೆಬ್ರವರಿಯಿಂದ ಗೊತ್ತಿತ್ತಾ ನಿನಗೆ?" ಎಂದರು. ಹೌದು ಎಂದೆ. "ಆ ಶಿಲ್ಪಿ ಐದು ತಿಂಗಳು ಹೆಚ್ಚಿಗೆ ಬೈಸಿಕೊಂಡ ಹಾಗಾಯ್ತು."

ಕಲ್ಲು ತೊಳೆಯುವ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದರು. ಬೆಳಗ್ಗೆ ಬಸ್ಸಿನಲ್ಲಿ ಶಿರಂಗಾಲಕ್ಕೆ ಹೋದೆವು. ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಆಗಲೇ ಕಲ್ಲು ಉಜ್ಜುತ್ತಿದ್ದರು. ಹಳದಿ ನೀರು ಮೆಟ್ಟಿಲು ಇಳಿದು ಹೊಳೆಗೆ ಹೋಗುತ್ತಿತ್ತು. ಚಾರ್ಟ್ ಬರೆದವರು ಇವರೇ ಎಂದು ಪರಿಚಯ ಮಾಡಿಕೊಟ್ಟೆ. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಮೇಷ್ಟ್ರೇ, ಮುಖ ತೊಳೆಯೋ ಮುಂಚೆ ನೋಡಿದ್ರೆ ಯಾರಾದ್ರೂ ಹಂಗೇ ಕಾಣೋದು" ಎಂದರು. ಮಾಷ್ಟ್ರು ಜೋರಾಗಿ ನಕ್ಕರು. ಎಷ್ಟೋ ದಿನದ ಮೇಲೆ ಅವರು ಹಾಗೆ ನಕ್ಕದ್ದು.

ಕಪ್ಪೆಯ ಮೇಲೆ ಕೊನೆಯ ಚೊಂಬು ನೀರು ಹೊಯ್ದು ಅಜ್ಜಿ ಪಕ್ಕಕ್ಕೆ ಸರಿದರು. ನಾನು ಮಾಷ್ಟ್ರ ಕೈ ಹಿಡಿದು ಕಲ್ಲಿನ ಮೇಲೆ ಇಟ್ಟೆ. ಮೊದಲು ಹೆಡೆ, ಹೆಡೆಯ ಕೆಳಗೆ ಬೆನ್ನು, ಬೆನ್ನಿನಿಂದ ಇಳಿದು ಮುಂಗಾಲು. ನಾಲ್ಕು ಬೆರಳುಗಳಿಂದ ಒಂದೊಂದೇ ಬೆರಳು ಎಣಿಸಿದರು. ನಾಲ್ಕು ಆಯಿತು. ಐದನೆಯದಕ್ಕಾಗಿ ಬಹಳ ಹುಡುಕಿದರು. ಉಗುರಿನಿಂದ ಸಂದಿ ಸಂದಿ ತಡಕಿದರು. ಇರಲಿಲ್ಲ. ಆಮೇಲೆ ಹಿಂಗಾಲಿಗೆ ಹೋದರು. ಅಲ್ಲಿ ಐದು. ಬೆರಳುಗಳ ನಡುವಿನ ಪೊರೆಯನ್ನೂ ಕೂದಲೆಳೆಯಷ್ಟು ಏಣಿನಲ್ಲಿ ಕೆತ್ತಿದ್ದ. ಗಂಟಲ ಕೆಳಗೆ ಉಸಿರು ತುಂಬಿದ ಉಬ್ಬು ಕೂಡ ಇತ್ತು. ವಟಗುಟ್ಟುವ ಕಪ್ಪೆ ಅದು, ಗಂಡು. ಬಸುರಿ ಕಪ್ಪೆಯ ಕಥೆ ಕೇಳಿದ್ದವನು ಹೊಳೆಯ ದಡದಲ್ಲಿ ಕಣ್ಣೆದುರಿಗೆ ಕೂತಿದ್ದ ಗಂಡನ್ನೇ ಕೆತ್ತಿಬಿಟ್ಟಿದ್ದ.

ಮಾಷ್ಟ್ರು ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಾನು ನೋಡಿದ್ದು ಅರಿಶಿನವನ್ನು ಗೂಡೆ. ಕಪ್ಪೆಯನ್ನು ನೋಡಿದ್ದು ಅವನು" ಎಂದರು.

ಅಲ್ಲಿಂದ ಎದ್ದ ಮೇಲೆ ಅವರಿಗೆ ಒಂದೇ ಗಡಿಬಿಡಿ. ಹತ್ತೊಂಬತ್ತು ಗೋಡೆಗಳ ಮೇಲೆ ಆ ಶಿಲ್ಪಿಯನ್ನು ಬೈದು ಬಂದಿದ್ದರಲ್ಲ. ಉಳಿದ ಕಣ್ಣು ಹೋಗುವುದರೊಳಗೆ ಅಷ್ಟೂ ಕಡೆ ಹೋಗಿ ತಮ್ಮ ಕೈಯಾರೆ ತಿದ್ದಬೇಕು. ಹೊಸ ಚಾರ್ಟ್ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸೋಣ, ಹಳೆಯದನ್ನು ತೆಗೆದುಹಾಕಲಿ ಎಂದು ನಾನು ಹೇಳಿ ನೋಡಿದೆ. ಒಪ್ಪಲಿಲ್ಲ. ಹೊಸದು ಅಂಟಿಸಿದರೆ ತಪ್ಪೇ ಆಗಿರಲಿಲ್ಲ ಎನ್ನುವ ಹಾಗಾಗುತ್ತದೆ, ಬೈದ ಜಾಗದಲ್ಲೇ ತಪ್ಪಾಯಿತು ಎನ್ನಬೇಕು ಎಂದರು.

ವಾರಕ್ಕೆ ಎರಡು ದಿನ ಹೊರಡುತ್ತಿದ್ದೆವು. ಅವರು ಸಂಪಾಜೆಯಿಂದ, ನಾನು ಕುಶಾಲನಗರದಿಂದ, ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಸೇರುವುದು. ಅವರನ್ನು ಹತ್ತಿಸಿ ಕಳಿಸುವಾಗ ಅವರ ಮನೆಯವರು ಕಂಡಕ್ಟರಿಗೆ ಒಪ್ಪಿಸುತ್ತಿದ್ದರು. ಶಾಲೆಗೆ ಹೋಗಿ ಗೋಡೆಯ ಮುಂದೆ ನಿಲ್ಲಿಸಿ, ನಾನು ಆ ಸಾಲಿನ ಕೆಳಗೆ ಸ್ಕೇಲು ಹಿಡಿಯುವುದು. ಅವರು ಗಂಟನ್ನು ಗೋಡೆಗೆ ಊರಿ, ದಪ್ಪ ಪೆನ್ನಿನಿಂದ ಐದನೆಯ ಬೆರಳಿಗೆ ಒಂದು ಗೀಟು, ಬೈಗುಳಕ್ಕೆ ಒಂದು ಗೀಟು ಹಾಕಿ, ಕೆಳಗೆ ಬರೆಯುವುದು: 'ಶಿಲ್ಪಿ ಸರಿ. ನಾನು ತಪ್ಪು.' ಮೊದಲ ಶಾಲೆಗಳಲ್ಲಿ ಅಕ್ಷರ ಮುತ್ತಿನ ಹಾಗೆ. ಬರಬರುತ್ತ ಸಾಲು ಇಳಿಜಾರಾಯಿತು.

ಒಂದು ಕಡೆ ಹೆಡ್ ಮಾಷ್ಟ್ರು ಅಡ್ಡ ಬಂದರು. ಒಳ್ಳೆಯವರೇ, ಕಾಳಜಿಯಿಂದಲೇ ಹೇಳಿದ್ದು. ಮಕ್ಕಳ ಎದುರು ಮೇಷ್ಟ್ರು ತಪ್ಪು ಎಂದು ಗೋಡೆ ಮೇಲೆ ಬರೆಯುವುದು ಚೆನ್ನಾಗಿರುವುದಿಲ್ಲ, ನಾಳೆ ನಮ್ಮ ಮಾತು ಯಾರು ಕೇಳುತ್ತಾರೆ ಎಂದರು. ಮಾಷ್ಟ್ರು ಪೆನ್ನಿನ ಮುಚ್ಚಳ ತೆಗೆದು, "ಹಾಗಾದರೆ ಯಾರ ಎದುರು ಬರೆಯೋಣ, ನೀವೇ ಹೇಳಿ" ಎಂದರು. ಹೆಡ್ ಮಾಷ್ಟ್ರು ಕುರ್ಚಿ ತರಿಸಿಕೊಟ್ಟರು. ಮಕ್ಕಳೆಲ್ಲ ಬಂದು ಸುತ್ತ ನೆರೆದರು. ಅವರಿಗೆ ಮಾಷ್ಟ್ರು ಕೈ ಎತ್ತಿ ತೋರಿಸಿ, ತನಗೆ ಕಪ್ಪೆ ಎಂದು ಹೆಸರಿತ್ತು, ಯಾಕೆ ಹೇಳಿ ಎಂದು ಮೊದಲಿಂದ ಶುರು ಮಾಡಿದರು. ಅವತ್ತು ನಮಗೆ ಮೂರು ಬಸ್ಸು ತಪ್ಪಿತು.

ಹದಿನೆಂಟು ಮುಗಿದವು. ಉಳಿದದ್ದು ಮಾಕುಟ್ಟದ ಕಡೆಯ ಒಂದೇ ಶಾಲೆ. ಆ ಮಳೆಗಾಲ ಅಲ್ಲಿಯ ರಸ್ತೆ ಕುಸಿದು ಬಸ್ಸು ನಿಂತಿತ್ತು. ಮತ್ತೆ ಬಸ್ಸು ಬಿಡುವ ಹೊತ್ತಿಗೆ ಅವರಿಗೆ ಕಿಟಕಿ ಯಾವ ಕಡೆ ಎಂಬುದಷ್ಟೇ ತಿಳಿಯುತ್ತಿತ್ತು. ಕಣ್ಣಿಲ್ಲದಿದ್ದರೇನು, ನೀನು ಕೈ ಹಿಡಿ, ನಾನು ಬರೀತೇನೆ ಎಂದಿದ್ದರು. ದಿನ ಗೊತ್ತು ಮಾಡಿದ್ದೆವು. ಅದರ ಹಿಂದಿನ ವಾರ, ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಿದ್ದಾಗ, ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಒರಗಿದವರು ಏಳಲಿಲ್ಲ.

ಹದಿಮೂರು ದಿನ ಮುಗಿದ ಮೇಲೆ ಅವರ ಮನೆಯವರು ನನ್ನನ್ನು ಒಳಗೆ ಕರೆದು ಆ ದಪ್ಪ ಪೆನ್ನನ್ನು ಕೈಗೆ ಕೊಟ್ಟರು. ತಗಡಿನ ಪೆಟ್ಟಿಗೆ ತೆರೆದಿತ್ತು, ಹೊಸ ಮೆಣಸಿನ ಪೊಟ್ಟಣಗಳು ಸಾಲಾಗಿ ಇದ್ದವು.

ನಾನೊಬ್ಬಳೇ ಮಾಕುಟ್ಟದ ಬಸ್ಸು ಹತ್ತಿದೆ. ಚಾರ್ಟು ಮೂಲೆಯ ಗೋಡೆಯಲ್ಲಿ, ತೇವಕ್ಕೆ ಅಂಚು ಸುರುಳಿಯಾಗಿ, ಹಾಗೇ ಇತ್ತು. ಎರಡು ಗೀಟು ಹಾಕುವುದು ಸುಲಭವಾಯಿತು. 'ಶಿಲ್ಪಿ ಸರಿ' ಎಂದು ಬರೆದೆ. ಮುಂದಿನ ಮಾತಿಗೆ ಪೆನ್ನು ನಿಂತಿತು. ಅವರ ಪರವಾಗಿ 'ನಾನು' ಎಂದು ಬರೆಯಲು ನಾನು ಯಾರು? ಮಾಷ್ಟ್ರು ತಪ್ಪು ಎನ್ನಲು ಕೈ ಬರಲಿಲ್ಲ. ತಪ್ಪಿದ್ದರೂ ಅವರು ಬಿಸಿಲಲ್ಲಿ ಕೂತು ನೋಡಿದವರು. ಮೂಗಿನ ಕೆಳಗಿದ್ದ ಊರಿಗೆ ಒಂದು ದಿನ ಹೋಗದೆ, ಆ ಬೈಗುಳವನ್ನು ದಪ್ಪಕ್ಷರದಲ್ಲಿ ಜೋಡಿಸಿದ ಕೈ ನನ್ನದು. ನೋಡಿಯಾ, ಕೇಳಿಯಾ ಎಂಬ ಅವರ ಪ್ರಶ್ನೆಯನ್ನು ಅಷ್ಟು ವರ್ಷ ಕೇಳಿಸಿಕೊಂಡೂ ನನಗೆ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಒಂದು ಮಗು ಬಂದು ಪಕ್ಕದಲ್ಲಿ ನಿಂತು ನೋಡುತ್ತಿತ್ತು. ಕಿರುಬೆರಳನ್ನು ಮಡಚಿ, ಅದರ ಗಿಣ್ಣನ್ನು ಗೋಡೆಗೆ ಊರಿಕೊಂಡು, ಸಾಲು ಸೊಟ್ಟಗಾಗದ ಹಾಗೆ ಬರೆದೆ:

'ಶಿಲ್ಪಿ ಸರಿ. ನಮ್ಮ ಮಾಷ್ಟ್ರು ಮುಟ್ಟಿ ನೋಡಿ ತಿದ್ದಿದರು. ಕೇಳಿ ಅಚ್ಚು ಹಾಕಿದವಳು ನಾನು.'